ಹಬ್ಬದ ಮಾತ್ರೆ

ಒಂದು ಕಾಲಕ್ಕೆ ನಮ್ಮ ಹಿತ್ತಲಿನ ಕರಿಬೇವಿನ ಗಿಡ ಬೀದಿಗೆಲ್ಲ ಹೆಸರಾಗಿತ್ತು. ನಂಜನಗೂಡಿನ ಬಿಸಿಲಿಗೆ ಅಕ್ಕಪಕ್ಕದ ಮನೆಗಳ ಗಿಡಗಳು ಹಳದಿಗೆ ತಿರುಗಿ ನಿಂತಿದ್ದರೆ, ನಮ್ಮದು ಮಾತ್ರ ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ಒಗ್ಗರಣೆಗೆ ಎರಡೆಸಳು ಕೇಳಿಕೊಂಡು ಬಂದವರು "ಏನ್ ಗೊಬ್ರ ಆಕ್ತೀರಿ ಟೀಚರಮ್ಮ?" ಎಂದು ಬೆರಗಾದರೆ, ನಾನು ಅತ್ತೆಯವರ ಕಡೆ ಕೈ ತೋರಿಸುತ್ತಿದ್ದೆ. ಅವರು ಆಗೀಗ ಅದರ ಬುಡಕ್ಕೆ ಕಂದು ಬಣ್ಣದ ಪುಟ್ಟ ಗುಳಿಗೆಗಳನ್ನು ಹಾಕಿ ಮಣ್ಣು ಮುಚ್ಚುವುದನ್ನು ಕಂಡಿದ್ದೆ. ಗೊಬ್ಬರದಂಗಡಿಯ ಕಾಳಿರಬೇಕು ಎಂದುಕೊಂಡಿದ್ದೆ. ಅದೇನೆಂದು ಗೊತ್ತಾದ ದಿನ ಕೂತ ಕುರ್ಚಿಯಿಂದ ಧಿಗ್ಗನೆ ಎದ್ದವಳು, ಇವತ್ತಿಗೂ ಪೂರ್ತಿಯಾಗಿ ಕೂತಿಲ್ಲ.

ಆದರೆ ಆ ಗುಳಿಗೆಯ ಕತೆ ಹೇಳಬೇಕಾದರೆ ಇನ್ನೊಂದು ಗುಳಿಗೆಯಿಂದ ಶುರು ಮಾಡಬೇಕು. ತೊಂಬತ್ತೈದರಲ್ಲಿ ನನ್ನ ಮದುವೆಯಾಯಿತು. ತವರು ತಿ. ನರಸೀಪುರ, ಸೇರಿದ ಮನೆ ನಂಜನಗೂಡು. ನರಸೀಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಡಂ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನಮ್ಮ ಮನೆಯವರದು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ, ಅದೂ ಹೊಸದು. ಎರಡು ವರ್ಷ ತಡೆಯೋಣ ಎಂದು ಇಬ್ಬರೂ ಕೂತು ಮಾತಾಡಿಕೊಂಡು ಮಕ್ಕಳಾಗದ ಮಾತ್ರೆ ಶುರು ಮಾಡಿದೆವು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಇಂಥ ವಿಷಯವನ್ನು ಯಾರು ತಾನೇ ಹೇಳುತ್ತಾರೆ?

ಆ ಮಾತ್ರೆ ತರುವುದೇ ಒಂದು ಸಾಹಸ. ನಂಜನಗೂಡಿನ ಮೆಡಿಕಲ್ ಅಂಗಡಿಯವರೆಲ್ಲ ನಮ್ಮ ಮನೆಯವರ ಜೊತೆ ಗೋಲಿ ಆಡಿದವರು. ಹಾಗಾಗಿ ತಮ್ಮ ಗುರುತಿಲ್ಲದ ನರಸೀಪುರದಲ್ಲೇ ಕೊಳ್ಳುವುದು ಎಂದು ಅವರು ಉಪಾಯ ಮಾಡಿದರು. ಗಂಡನಿಗೆ ಗುರುತಿಲ್ಲದ ಊರು ಹೆಂಡತಿಗೆ ಹುಟ್ಟೂರು ಎಂಬುದೊಂದು ಆ ಉಪಾಯದಲ್ಲಿ ಬಿಟ್ಟುಹೋಗಿತ್ತು. ಮೊದಲ ಸಲವೇ ಅಂಗಡಿಯವರು ಪೊಟ್ಟಣವನ್ನು ಹಳೇ ಪೇಪರಿನಲ್ಲಿ ಧಾರೆ ಸೀರೆಯ ಹಾಗೆ ಜೋಪಾನವಾಗಿ ಸುತ್ತಿ ಕೈಗಿಡುತ್ತ, "ಎಂಗಿದ್ದೀರಿ ಅಳಿಯಂದ್ರೆ? ನಮ್ ಗಿರ್ಜಮ್ಮ ಚೆನ್ನಾಗವ್ಳಾ?" ಎಂದರಂತೆ. ಇವರು ಚಿಲ್ಲರೆಯನ್ನೂ ಬಿಟ್ಟು ಓಡಿಬಂದರು. ಆಮೇಲೆ ತಿಂಗಳು ತಪ್ಪದೆ ಅದೇ ಅಂಗಡಿ, ಅದೇ ಕುಶಲಪ್ರಶ್ನೆ. ತೊಂಬತ್ತೇಳರ ಯುಗಾದಿಗೆ ನನ್ನ ಕೆಲಸ ಕಾಯಂ ಆಗಿ ನಾವು ಮಾತ್ರೆ ನಿಲ್ಲಿಸಿದಾಗ, ಆ ಸುದ್ದಿ ಎಲ್ಲರಿಗಿಂತ ಮುಂಚೆ ತಿಳಿದದ್ದು ಅವರಿಗೇ. ಸಂತೆಯಲ್ಲಿ ನಮ್ಮಮ್ಮನನ್ನು ಕಂಡವರೇ, "ಅಳಿಯಂದ್ರು ಎಲ್ಡ್ ತಿಂಗ್ಳಿಂದ ಅಂಗ್ಡಿ ಕಡೆಗೇ ಬರ್ಲಿಲ್ಲ ಕಣಕ್ಕ. ಸಿಹಿ ಯಾವಾಗ?" ಎಂದು ಕೇಳಿದರಂತೆ. ಅಮ್ಮ ಬಂದು ಹೇಳಿದ ಮೇಲೆಯೇ ಅದು ನನಗೆ ತಿಳಿದದ್ದು. ನನ್ನ ಹೊಟ್ಟೆಯ ಸಮಾಚಾರ ನನಗಿಂತ ಮೊದಲು ಈರುಳ್ಳಿ ಗುಡ್ಡೆಗಳ ನಡುವೆ ಚರ್ಚೆಗೆ ಬಂದಿತ್ತು.

ನೋಡಲು ಆ ಮಾತ್ರೆ ಗುಲಗಂಜಿಯಷ್ಟೂ ಇಲ್ಲ. ಗುಲಗಂಜಿಯ ಮಾತು ಬಂದರೆ ನರಸೀಪುರದವರು ಸುಮ್ಮನಿರುವುದಿಲ್ಲ, ಕ್ಷಮಿಸಿ. ನಮ್ಮೂರಿನ ನರಸಿಂಹಸ್ವಾಮಿ ಬೆರಳ ತುದಿಯಲ್ಲಿ ಒಂದು ಗುಲಗಂಜಿ ಹಿಡಿದು ಕೂತಿದ್ದಾನೆ. ಕಪಿಲೆ ಕಾವೇರಿಗಳು ಕೂಡುವ ಈ ಜಾಗ ಪುಣ್ಯದಲ್ಲಿ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಅದರ ಅರ್ಥ. ನನ್ನನ್ನು ಸಾಕಿದ ಅಜ್ಜಿ (ನನ್ನ ಬಾಯಲ್ಲಿರುವ ಒಳ್ಳೇ ಮಾತುಗಳೆಲ್ಲ ಅವಳವು, ಕೆಟ್ಟವೂ ಅವಳವೇ) ಸಣ್ಣ ಸಾಮಾನು ಯಾವುದನ್ನು ನಾನು ತಾತ್ಸಾರ ಮಾಡಿದರೂ ಆ ಸ್ವಾಮಿಯನ್ನೇ ಸಾಕ್ಷಿಗೆ ಕರೆಯುತ್ತಿದ್ದಳು. "ಒಂದ್ ಗುಲಗಂಜಿ ಅಂತ ಸಸಾರ ಮಾಡ್ಬ್ಯಾಡ ಕಣೆ. ತಕ್ಕಡಿ ಎತ್ಲಾಗ್ ವಾಲ್ಬೇಕು ಅಂತ ಯೋಳಾದು ಅದೇಯ." ಅಜ್ಜಿ ನನ್ನ ಮದುವೆಗೆ ಮೊದಲೇ ಹೋಗಿಬಿಟ್ಟಳು. ಇದ್ದಿದ್ದರೆ ಈ ಕತೆ ಇಷ್ಟು ಉದ್ದ ಬೆಳೆಯುತ್ತಿರಲಿಲ್ಲ.

ಮಾತ್ರೆ ನಿಲ್ಲಿಸುವುದೆಂದರೆ ನಲ್ಲಿ ತಿರುಗಿಸಿದ ಹಾಗೆ ಎಂದು ನಾನು ತಿಳಿದಿದ್ದೆ. ಇತ್ತ ತಿರುಗಿಸಿದರೆ ನಿಂತಿತು, ಅತ್ತ ತಿರುಗಿಸಿದರೆ ಬಂತು. ಒಂದು ತಿಂಗಳಾಯಿತು, ಎರಡಾಯಿತು. ಮುಟ್ಟು ಮಾತ್ರ ಸರ್ಕಾರಿ ಬಸ್ಸಿಗಿಂತ ನಿಯತ್ತಾಗಿ ಬರುತ್ತಿತ್ತು. "ಕೆಟ್ಟು ನಿಂತಿದ್ದ ಪಂಪು ಸ್ವಿಚ್ ಹಾಕಿದ ತಕ್ಷಣ ನೀರು ಎತ್ತುತ್ತಾ? ಮೊದ್ಲು ಪೈಪಿಗೆ ನೀರು ತುಂಬ್ಕೋಬೇಕು, ಗಾಳಿ ಹೋಗ್ಬೇಕು" ಎಂದು ನಮ್ಮ ಮನೆಯವರು ತಮ್ಮ ಕಸುಬಿನ ಭಾಷೆಯಲ್ಲಿ ಸಮಾಧಾನ ಹೇಳಿದರು. ಹೆಂಡತಿಯನ್ನು ಮೂರು ಅಶ್ವಶಕ್ತಿಯ ಮೋಟಾರಿಗೆ ಹೋಲಿಸಿದ ಗಂಡನಿಗೆ ಏನು ಅನ್ನಬೇಕೋ ಅಂದೆ. ಆದರೆ ಅವರ ಮಾತೇ ಸರಿ ಎಂದು ಆಮೇಲೆ ಡಾಕ್ಟರು ಹೇಳಿದರು. ಕೆಲವರಿಗೆ ಬೇಗ, ಕೆಲವರಿಗೆ ಕೆಲವು ತಿಂಗಳು.

ವಿಜ್ಞಾನದ ಮೇಡಂಗೆ ಇಷ್ಟೂ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿರಲಿಲ್ಲ. ಹತ್ತನೇ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ನನ್ನ ಮೇಷ್ಟರು ಕಿಟಕಿಯ ಕಡೆ ತಿರುಗಿ "ಇದನ್ನ ನೀವೇ ಓದ್ಕೊಳ್ಳಿ" ಎಂದಿದ್ದರು. ನಾನು ಮೇಡಂ ಆದ ಮೇಲೆ ಕಿಟಕಿಗೂ ತಿರುಗದೆ ನೇರವಾಗಿ ದಾಸವಾಳದ ಹೂವಿಗೆ ಹಾರಿ, ಪರಾಗಸ್ಪರ್ಶ ಮುಗಿಸಿ ಗಂಟೆ ಹೊಡೆಸುತ್ತಿದ್ದೆ. ದಾಸವಾಳದ ವಿಷಯದಲ್ಲಿ ಇಂದಿಗೂ ನನ್ನನ್ನು ಯಾರೂ ಸೋಲಿಸಲಾರರು.

ಇತ್ತ ನಮ್ಮ ಅತ್ತೆ ಮಾದೇವಮ್ಮನವರ ಲೆಕ್ಕವೇ ಬೇರೆ. ನಮ್ಮ ಮಾತ್ರೆಯ ವಿಷಯ ಅವರಿಗೆ ಗೊತ್ತಿಲ್ಲವಾದ್ದರಿಂದ, ಅವರ ಪ್ರಕಾರ ಸೊಸೆ ಬಂದ ದಿನದಿಂದಲೂ ಬರಿದಾಗಿಯೇ ಇದ್ದಾಳೆ. ದೇವನೂರಿನಿಂದ ಬಂದ ಹೆಣ್ಣುಮಗಳು, ಓದು ಬರಹವಿಲ್ಲ, ಮಾವನವರು ತೀರಿಕೊಂಡು ಹತ್ತು ವರ್ಷಗಳ ಮೇಲಾಗಿತ್ತು. ನನ್ನನ್ನು ಒಂದು ದಿನವೂ ಚುಚ್ಚಿ ಮಾತಾಡಿದವರಲ್ಲ. ಬೀದಿಯ ಹೆಂಗಸರು "ಏನ್ ಮಾದೇವಮ್ಮೋರೆ, ಸೊಸೆ ಬರೀ ಸ್ಕೂಲ್ ಮಕ್ಳನ್ನೇ ಎಣ್ಸ್ತಾಳಾ?" ಎಂದರೆ, "ನಿನ್ ಸೊಸೆ ಎತ್ತವ್ಳಲ್ಲ ಮೂರು, ಒಂದ್ಕಾದ್ರೂ ಮೂಗ್ ಒರ್ಸವ್ಳಾ ಕೇಳೋಗು" ಎಂದು ಅಲ್ಲೇ ಬಾಯಿ ಮುಚ್ಚಿಸುತ್ತಿದ್ದರು. ಆದರೆ ಒಳಗೆ ಅವರಿಗೂ ಹೆದರಿಕೆ ಇತ್ತು. ಅದಕ್ಕೆ ಕಾರಣ ಅವರ ಮಗಳು ಮಂಗಳಾ.

ಮಂಗಳಾ ನಮ್ಮ ಮನೆಯವರ ಅಕ್ಕ. ಕಳಲೆಗೆ ಕೊಟ್ಟಿತ್ತು. ಮದುವೆಯಾಗಿ ವರ್ಷಗಟ್ಟಲೆ ಮಕ್ಕಳಾಗಲಿಲ್ಲ. ಅಮ್ಮ ಮಗಳು ಸೇರಿ ಮಾಡದ ಹರಕೆ ಇಲ್ಲ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಕಳಲೆಯ ಅತ್ತೆಯ ಬಾಯಿ ಬೇರೆ ದೊಡ್ಡದು. ಕೊನೆಗೆ ಒಂದು ದಿನ ಮಂಗಳಾ ನಂಜುಂಡನ ಎದುರಿಗೇ ನಿಂತು, "ನೀನೂ ಬ್ಯಾಡ, ನಿನ್ ಅರಕೆನೂ ಬ್ಯಾಡ. ಕಿವುಡ ನೀನು" ಎಂದು ಬಾಯಿಗೆ ಬಂದಂತೆ ಬೈದು, ತೆಂಗಿನಕಾಯಿಯನ್ನು ಒಡೆಯದೆ ಮನೆಗೆ ತಂದು ಚಟ್ನಿ ಮಾಡಿಕೊಂಡು ತಿಂದಳು. ಅದೇ ವರ್ಷ ಅವಳು ಬಸುರಿ! ಗಂಡುಮಗು. ಅಂದಿನಿಂದ ಇದು ನಮ್ಮ ಮನೆಯ ಪುರಾಣ. ಬೈದವಳಿಗೆ ಕೊಟ್ಟ ದೇವರು, ಬೈಸಿಕೊಳ್ಳಲಿಕ್ಕೇ ಕಾದಿದ್ದ ದೇವರು, ಮಗಳ ಕೋಪವನ್ನೇ ನೈವೇದ್ಯ ಮಾಡಿಕೊಂಡ ದೇವರು ಎಂದು ಅತ್ತೆ ಹೇಳುತ್ತ ಹೇಳುತ್ತ ಅದಕ್ಕೆ ಕೈಕಾಲು ಬೆಳೆಸಿದ್ದರು. ಈ ಪುರಾಣವನ್ನು ನೀವೂ ಸ್ವಲ್ಪ ನೆನಪಿಟ್ಟುಕೊಳ್ಳಿ.

ಹಾಗೆಂದು ಸೊಸೆಯ ಕೈಯಲ್ಲಿ ದೇವರನ್ನು ಬೈಸಲಾಗುತ್ತದೆಯೇ? ಆ ವರ್ಷದ ಕಾರ್ತೀಕಕ್ಕೆ ಅತ್ತೆ ನನ್ನ ಹೆಸರಿನಲ್ಲಿ ಹರಕೆ ಕಟ್ಟಿದರು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಬೆಳಗಿನ ಜಾವ ಕಪಿಲೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ಗುಡಿ ಸುತ್ತಿ, ತುಪ್ಪದ ದೀಪ ಹಚ್ಚಬೇಕು. ನಡುವೆ ಒಂದು ದಿನವೂ ತಪ್ಪುವಂತಿಲ್ಲ. ತಪ್ಪಿದರೆ ಮತ್ತೆ ಮೊದಲಿನಿಂದ.

ಇಲ್ಲೇ ಒಂದು ಸೂಕ್ಷ್ಮವಿದೆ. ಮಕ್ಕಳು ಬೇಕು ಎನ್ನುವ ಹೆಂಗಸು ಎಂದರೆ ತಿಂಗಳು ತಿಂಗಳು ಮುಟ್ಟಾಗುವ ಹೆಂಗಸು. ಮುಟ್ಟಾದವಳು ಗುಡಿಗೆ ಹೋಗುವಂತಿಲ್ಲ. ಹಾಗಾದರೆ ನಲವತ್ತೆಂಟು ದಿನ ತಪ್ಪದೆ ಗುಡಿಗೆ ಹೋಗಬಲ್ಲವಳು ಯಾರು? ಆಗಲೇ ಬಸುರಿಯಾದವಳು, ಅವಳಿಗೆ ಹರಕೆ ಬೇಕಿಲ್ಲ. ಈ ಲೆಕ್ಕವನ್ನು ಹಾಕಿದವನು ಗಂಡಸೇ ಇರಬೇಕು, ಅದೂ ಬ್ರಹ್ಮಚಾರಿ. ಮಳೆ ಬರಲಿ ಎಂದು ಹರಕೆ ಹೊತ್ತವನು ಒದ್ದೆಯಾಗಬಾರದು ಎಂದಂತಾಯಿತು.

ನಮ್ಮ ಮನೆಯೊಳಗೆ ಮುಟ್ಟಿಗೆ ಮೂಲೆ ಇಲ್ಲ. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎಂದು ಶರಣರು ಎಂದೋ ಹೇಳಿ ಮುಗಿಸಿದ್ದಾರೆ. ಅಡುಗೆಮನೆಯ ಮಟ್ಟಿಗೆ ಅತ್ತೆ ಶರಣರ ಪಕ್ಷವೇ. ಆದರೆ ಗುಡಿಯ ಮೆಟ್ಟಿಲ ಹತ್ತಿರ ಬಂದರೆ, "ಅದು ಅವ್ನ ಮನೆ, ಅವ್ನ ಪದ್ದತಿ. ನಾವು ನೆಂಟ್ರ ಮನೆಗೋಗಿ ನಮ್ ಕಾನೂನು ಮಾಡಾಕಾದ್ದಾ?" ಎನ್ನುತ್ತಿದ್ದರು. ಅವನ ಪದ್ಧತಿಗೆ ಅವರಲ್ಲಿ ಒಂದು ಉಪಾಯವೂ ಇತ್ತು. ನಶ್ಯದ ಹಳೇ ಡಬ್ಬಿಯೊಂದನ್ನು ತೆಗೆದು, ಅದರಿಂದ ಒಂದು ಬಿಳೀ ಪುಟ್ಟ ಮಾತ್ರೆಯನ್ನು ನನ್ನ ಅಂಗೈಗೆ ಹಾಕಿದರು.

"ಏನತ್ತೆ ಇದು?"

"ಅಬ್ಬದ್ ಮಾತ್ರೆ ಕಣವ್ವ. ದಿನಾ ಒಂದು ನುಂಗು, ಅದು ಮುಂದಕ್ಕೋಯ್ತದೆ. ನಮ್ ಬೀದೀಲಿ ಇದಿಲ್ದೆ ಯಾರ ಮನೇಲೂ ಅಬ್ಬ ನಡ್ಯಾದಿಲ್ಲ. ಮಂಗಳಂಗೂ ಇದ್ನೇ ಕೊಡ್ತಿದ್ದೆ."

ಹಬ್ಬದ ಮಾತ್ರೆಯ ಹೆಸರನ್ನು ನಾನೂ ಕೇಳಿದ್ದೆ. ಗೌರಿ ಹಬ್ಬ, ಮದುವೆ, ಗೃಹಪ್ರವೇಶ, ಯಾವುದು ಬಂದರೂ ಹೆಂಗಸರ ಕೈಯಿಂದ ಕೈಗೆ ಅದು ಸಕ್ಕರೆ ಸಾಲದ ಹಾಗೆ ಓಡಾಡುತ್ತಿತ್ತು. ನಾನು ನುಂಗುತ್ತಿದ್ದ ಹಳೇ ಮಾತ್ರೆ ಥಳಥಳ ಹೊಳೆಯುವ ಹಾಳೆಯಲ್ಲಿ ಬರುತ್ತಿತ್ತು, ಬಣ್ಣ ತಿಳಿಹಳದಿ. ಇದು ಬಿಳುಪು, ಡಬ್ಬಿಯಲ್ಲಿ ಬಿಡಿಬಿಡಿಯಾಗಿತ್ತು, ನಶ್ಯದ ವಾಸನೆ ಬೇರೆ. ಅನುಮಾನ ಬರಲು ಜಾಗವೇ ಇರಲಿಲ್ಲ. ಬಾಯಿಗೆ ಹಾಕಿಕೊಂಡೆ.

ಆ ಬೆಳಗುಗಳನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಹೊಳೆಯ ಸೋಪಾನಕಟ್ಟೆಯ ಕಲ್ಲು ಐಸಿನ ಹಾಗಿರುತ್ತಿತ್ತು. ನಾನು ಮುಳುಗೇಳುವಾಗ ಅತ್ತೆ ಮೇಲಿನ ಮೆಟ್ಟಿಲಲ್ಲಿ ಟವೆಲ್ ಹಿಡಿದು, "ಇನ್ನೊಂದ್ ಮುಳುಕು, ಇನ್ನೊಂದೇ ಒಂದು, ನನ್ ಬಂಗಾರ" ಎಂದು ಮಗುವಿಗೆ ತುತ್ತು ತಿನ್ನಿಸುವವರ ಹಾಗೆ ರಮಿಸುತ್ತಿದ್ದರು. ಮನೆಗೆ ಬಂದರೆ ಅರಿಸಿನ ಮೆಣಸು ಹಾಕಿದ ಬಿಸಿ ಹಾಲು. ಒಂದು ಕೈಯಲ್ಲಿ ಹಾಲು, ಇನ್ನೊಂದು ಕೈಯಲ್ಲಿ ಆ ಮಾತ್ರೆ. ಅದನ್ನು ಕುಡಿದು, ತಲೆ ಒಣಗುವ ಮುಂಚೆ ಜಡೆ ಹಾಕಿಕೊಂಡು ನಾನು ನರಸೀಪುರದ ಬಸ್ಸಿಗೆ ಓಡಬೇಕು. ಹಡೆದ ತಾಯಿ ಅಷ್ಟು ಅಕ್ಕರೆಯಿಂದ ನನಗೆ ಹಾಲು ಕೊಟ್ಟ ನೆನಪಿಲ್ಲ.

ಮೊದಲ ಮಂಡಲ ಮುಗಿಯಿತು. ಏನೂ ಆಗಲಿಲ್ಲ. "ಇನ್ನೊಂದ್ ಕೇಳ್ತಾವ್ನೆ" ಎಂದರು ಅತ್ತೆ. ಸಂಕ್ರಾಂತಿ ಕಳೆದು ಎರಡನೆಯದು. ಆಗಲೂ ಇಲ್ಲ. ಮುಟ್ಟು ನಿಲ್ಲುವುದೇ ಶುಭಸೂಚನೆಯಾಗಬೇಕಾದ ಮನೆಯಲ್ಲಿ, ಅದನ್ನು ಮಾತ್ರೆಯಿಂದ ನಿಲ್ಲಿಸಿಕೊಂಡು, ನಿಂತಿರುವುದು ಯಾವುದರಿಂದ ಎಂದು ತಿಳಿಯದೆ, ಹರಕೆ ಮುಗಿದ ಮೇಲೆ ಮಾತ್ರೆ ಬಿಟ್ಟು, ಮುಟ್ಟು ಬರದಿರಲಿ ಎಂದು ಕಾದು, ಬಂದಾಗ ಅತ್ತು, ಮತ್ತೆ ಅದನ್ನು ನಿಲ್ಲಿಸಲು ಮಾತ್ರೆ ನುಂಗುವುದು. ಬರೆದು ನೋಡಿದರೆ ಹುಚ್ಚರ ಕೆಲಸದಂತೆ ಕಾಣುತ್ತದೆ. ಬದುಕುವಾಗ ಭಕ್ತಿಯಂತೆಯೇ ಇತ್ತು.

ನಗುತ್ತಲೇ ಹೇಳುತ್ತಿದ್ದೇನೆ, ಆದರೆ ಆ ದಿನಗಳಲ್ಲಿ ನಗು ಇರಲಿಲ್ಲ. ಒಂದು ಸಂಜೆ ಬಸ್ಸಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ತನ್ನ ಕೂಸನ್ನು ನನ್ನ ತೊಡೆಯ ಮೇಲಿಟ್ಟು, "ವಸಿ ಇಡ್ಕೊಳ್ಳಿ ಅಕ್ಕಾ" ಎಂದಳು. ಅದು ನನ್ನ ಸೆರಗಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಮಲಗಿಬಿಟ್ಟಿತು. ಇಳಿಯುವಾಗ ಅವಳು ಅದನ್ನು ಎತ್ತಿಕೊಂಡಳು. ಸೆರಗಿನ ಒದ್ದೆ ಹಾಗೇ ಉಳಿಯಿತು. ಮನೆಗೆ ಬಂದು ಆ ಸೀರೆಯನ್ನು ನಾನು ಎರಡು ದಿನ ಒಗೆಯಲಿಲ್ಲ. ಅತ್ತೆ ಅದನ್ನು ನೋಡಿದರು. ಯುಗಾದಿ ಕಳೆದದ್ದೇ ಮೂರನೇ ಮಂಡಲ ಎಂದರು. ಅದು ಅರ್ಧ ಆಗಿದ್ದಾಗ ಅವರೇ, "ದೇವ್ರೂ ಇರ್ಲಿ, ಒಂದ್ ಕಿತ ಡಾಕ್ಟ್ರಿಗೂ ತೋರ್ಸ್ಬುಡವ" ಎಂದು ನನ್ನನ್ನು ಮೈಸೂರಿಗೆ ಹೊರಡಿಸಿದರು. ತಾವೂ ಜೊತೆಗೆ ಬಂದರು.

ಲೇಡಿ ಡಾಕ್ಟರು ನಡುವಯಸ್ಸಿನವರು. ನಮ್ಮ ಹಳೇ ಮಾತ್ರೆಯ ವಿಷಯವನ್ನು, ಓದು ಬಾರದ ಅತ್ತೆಯ ಎದುರಿಗೇ, ಚೀಟಿಯಲ್ಲಿ ಬರೆದು ಅವರ ಮುಂದಿಟ್ಟಿದ್ದೆ. ಕನ್ನಡಕದ ಮೇಲಿಂದ ನೋಡಿ, "ಕಡೇ ಸಲ ಯಾವಾಗ ಆಗಿದ್ದು?" ಎಂದರು.

"ಮುಂದಕ್ಕೆ ಹಾಕಿದೀನಿ ಡಾಕ್ಟ್ರೆ" ಎಂದೆ, ಪರೀಕ್ಷೆ ಮುಂದಕ್ಕೆ ಹಾಕಿದ ಹೆಡ್‌ಮೇಷ್ಟರ ಧಾಟಿಯಲ್ಲಿ.

"ಮುಂದಕ್ಕೆ? ಯಾಕೆ?"

"ಹರಕೆ ಇದೆ, ಕಾರ್ತೀಕದಿಂದ. ಮಗುಗೋಸ್ಕರ."

"ಏನು ತಗೊಂಡು ಮುಂದಕ್ಕೆ ಹಾಕಿದ್ರಿ?"

"ಹಬ್ಬದ ಮಾತ್ರೆ."

ಅವರು ಪೆನ್ನು ಕೆಳಗಿಟ್ಟರು. ಅತ್ತೆ ಉತ್ಸಾಹದಿಂದ ತಮ್ಮ ಎಲೆಅಡಿಕೆ ಚೀಲಕ್ಕೆ ಕೈ ಹಾಕಿ, ಇನ್ನೂ ಬಿಡಿಸದ ಒಂದು ಹೊಸ ಪೊಟ್ಟಣವನ್ನೇ ತೆಗೆದು ಮೇಜಿನ ಮೇಲಿಟ್ಟರು. ಪೊಟ್ಟಣವನ್ನು ನಾನು ನೋಡಿದ್ದು ಅದೇ ಮೊದಲು. ಅದರ ಮೇಲೊಂದು ತಲೆಕೆಳಗಾದ ಕೆಂಪು ತ್ರಿಕೋನ. ತಲೆ ಎತ್ತಿದರೆ ಡಾಕ್ಟರ ಹಿಂದಿನ ಗೋಡೆಯಲ್ಲೂ ಅದೇ ತ್ರಿಕೋನ, ಅದರ ಪಕ್ಕದಲ್ಲಿ ಅಪ್ಪ, ಅಮ್ಮ, ಎರಡೇ ಮಕ್ಕಳು, ನಗುನಗುತ್ತ. ನಮ್ಮ ಸ್ಕೂಲಿನ ಕಾಂಪೌಂಡಿನ ಮೇಲೂ ಅದೇ. ಕುಟುಂಬ ಯೋಜನೆಯ ಗುರುತು. ನಾನು ಕುರ್ಚಿಯಿಂದ ಎದ್ದು ನಿಂತದ್ದು ಆಗಲೇ.

"ಇದು ಮಕ್ಕಳಾಗದೇ ಇರೋ ಮಾತ್ರೆ ಅಮ್ಮ" ಎಂದರು ಡಾಕ್ಟರು ಮೆಲ್ಲಗೆ. "ಮೇಡಂ, ನೀವು ಒಂದು ಮಾತ್ರೆ ಬಿಟ್ಟು ಅದರ ಅಕ್ಕನ್ನೇ ನುಂಗ್ತಿದ್ದೀರಿ. ಕಾರ್ತೀಕದಿಂದ."

ಅತ್ತೆ ನನ್ನ ಮುಖ ನೋಡಿದರು, ಡಾಕ್ಟರ ಮುಖ ನೋಡಿದರು, ಗೋಡೆ ನೋಡಿದರು. "ಆ ಮೂರ್ ಮೂಲೆ ಗುರ್ತು..." ಎಂದು ತೊದಲಿದರು. "ಊರ್ ತುಂಬ ಗ್ವಾಡೆ ಮ್ಯಾಲೆ ಬರ್ದವ್ರಲ್ಲ. ಯಾವ್ದೋ ಪಾರ್ಟಿ ಓಟಿನ್ ಗುರ್ತು ಅಂತಿದ್ದೆ ಕಣವ್ವ."

ಆಮೇಲೆ ಒಂದೊಂದಾಗಿ ಹೊರಬಂತು. ದೇವನೂರಿನ ಅವರ ತಮ್ಮನ ಹೆಂಡತಿಯ ಹತ್ತಿರ ನರ್ಸಮ್ಮ ಬಿಟ್ಟಿ ಕೊಟ್ಟುಹೋಗುತ್ತಿದ್ದ ಪೊಟ್ಟಣಗಳು ಅವು. ನರ್ಸಮ್ಮ ಏನೋ ಹೇಳುತ್ತಿದ್ದದ್ದು ನಿಜವಂತೆ. ಆದರೆ ಮುಟ್ಟು ಮುಂದಕ್ಕೆ ಹೋಗುತ್ತದೆ ಎಂಬಷ್ಟು ಮಾತನ್ನು ಹಿಡಿದುಕೊಂಡು ಮಿಕ್ಕಿದ್ದನ್ನು ಹೆಂಗಸರು ಅಲ್ಲೇ ಬಿಟ್ಟು ಬಂದಿದ್ದರು. ಪೊಟ್ಟಣದಲ್ಲಿ ಬಿಳಿಯ ಸಾಲುಗಳ ಕೊನೆಗೆ ಕಂದು ಮಾತ್ರೆಗಳದೊಂದು ಸಾಲು. ಅವು ಹಬ್ಬಕ್ಕೆ ಬಾರದವು, ಕೆಲಸಕ್ಕೆ ಬಾರದವು ಎಂದು ಗಿಡದ ಬುಡಕ್ಕೆ. "ಅವು ಕಬ್ಬಿಣದ ಮಾತ್ರೆ" ಎಂದರು ಡಾಕ್ಟರು. ಅದಕ್ಕೇ! ನಮ್ಮ ಮನೆಯಲ್ಲಿ ವರ್ಷವಿಡೀ ರಕ್ತ ತುಂಬಿಕೊಂಡು ಮೈದುಂಬಿ ನಿಂತಿದ್ದದ್ದು ಕರಿಬೇವಿನ ಗಿಡ ಒಂದೇ.

ವಾಪಸು ಬಸ್ಸು ಹತ್ತಿದೆವು. ನನಗೆ ಸಿಟ್ಟು ಬರಬೇಕಿತ್ತು, ಬಂದರೆ ಯಾರ ಮೇಲೆ? ಆ ಹಾಲಿನ ಲೋಟದ ಮೇಲೆಯೇ? "ಕೊಟ್ಟೋರ್ ಮೊಕ ನೋಡಿ ನುಂಗ್ಬ್ಯಾಡ, ಕೊಟ್ಟಿದ್ದ ನೋಡಿ ನುಂಗು" ಎನ್ನುತ್ತಿದ್ದಳು ಅಜ್ಜಿ. ನಾನು ಮುಖ ನೋಡಿದವಳು. ಅಂಥ ಮುಖವಿದ್ದರೆ ಯಾರಾದರೂ ನೋಡುತ್ತಿದ್ದರು. ಬಸ್ಸು ನಂಜನಗೂಡಿನ ಹೊಳೆ ದಾಟುವಾಗ, ಆಚೆ ಗೋಪುರ ಕಂಡದ್ದೇ, ಅತ್ತೆ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು.

"ಮಂಗಳಾ..." ಎಂದರು.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ, ಅವಳಿಗೂ ಅದೇ ಡಬ್ಬಿಯಿಂದ ಕೊಟ್ಟದ್ದು ನೆನಪಾಯಿತು.

"ಅವ್ಳು ದೇವ್ರನ್ನ ಬುಟ್ಳು, ಅದ್ಕೇ ಕೊಟ್ಟ ಅಂತ ಊರ್ಗೆಲ್ಲ ಯೋಳ್ಕಂಡ್ ಬಂದ್ನಲ್ಲವ್ವ. ಅರಕೆ ಬುಟ್ಳು, ಮಾತ್ರೆನೂ ಬುಟ್ಳು. ಅಷ್ಟೇ ಕಣವ್ವ. ಅಷ್ಟೇಯ. ಅಷ್ಟ್ ವರ್ಸ ನನ್ ಮಗೀಗೆ ನನ್ ಕೈಯಾರೆ..." ಬಸ್ಸಿನ ಕಂಬಿಗೆ ಹಣೆ ಆನಿಸಿಕೊಂಡು ಕೂತರು. ನಮ್ಮ ಮನೆಯ ಪುರಾಣ ಕಪಿಲೆಯ ಸೇತುವೆಯ ಮೇಲೆ ಮುಗಿದುಹೋಯಿತು.

ಮಾರನೇ ದಿನವೇ ಕಳಲೆಗೆ ಹೋದೆವು. ಅತ್ತೆ ಚಪ್ಪಲಿ ಬಿಡುವ ಮುಂಚೆ ಹೇಳಿ ಮುಗಿಸಿದರು. ಮಂಗಳಾ ಒರಳಿನ ಮುಂದೆ ಕೂತಿದ್ದವಳು, ರುಬ್ಬುವ ಗುಂಡನ್ನು ನಿಲ್ಲಿಸಿದಳು. ಅಂಗಳದಲ್ಲಿ ಅವಳ ಮಗ ಟಯರು ಓಡಿಸುತ್ತಿದ್ದ. ಅವನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಇದ್ದಕ್ಕಿದ್ದಂತೆ ನಗಲು ಶುರು ಮಾಡಿದಳು. ನಗು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. "ನಮ್ಮತ್ತೆ ಕೈಲಿ ಅಷ್ಟ್ ಬೈಸ್ಕಂಡ್ನಲ್ಲವ್ವ, ಅದ್ರಲ್ಲಿ ಅರ್ದ ನಿನ್ ಪಾಲು. ಇವತ್ತೇ ಇಸ್ಕಂಡೋಗು" ಎಂದು ಅಮ್ಮನ ಭುಜಕ್ಕೆ ಹಿಟ್ಟಿನ ಕೈಯಲ್ಲೇ ಒಂದು ಗುದ್ದು ಗುದ್ದಿ, ಅದೇ ಭುಜಕ್ಕೆ ತಲೆಯಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಮೂಗೊರೆಸಿಕೊಂಡು ಬೇರೆಯೇ ಯೋಚನೆ ಬಂದವಳಂತೆ, "ಅಯ್ಯೋ, ಪಾಪ, ಅವ್ನನ್ನ ಕಿವುಡ ಅಂದ್ಬುಟ್ಟಿದ್ನಲ್ಲೇ ಗಿರ್ಜಾ! ಅವ್ನೇನ್ ಮಾಡ್ಯಾನು? ಒಂದ್ ಕೈಲಿ ಬೇಡ್ಕಂಡು ಇನ್ನೊಂದ್ ಕೈಲಿ ಬಾಗ್ಲಾಕ್ಕಂಡಿದ್ದೋಳು ನಾನು" ಎಂದಳು. ಆ ಸೋಮವಾರ ಒಂದು ಗೊನೆ ರಸಬಾಳೆ ಹೊರಿಸಿಕೊಂಡು ಬಂದು ನಂಜುಂಡನಿಗೆ ತಪ್ಪುಕಾಣಿಕೆ ಹಾಕಿದಳು. ವಿಷವನ್ನೇ ಕೊಟ್ಟರೂ ನುಂಗಿ ಗಂಟಲಲ್ಲಿ ನಿಲ್ಲಿಸಿಕೊಂಡವನು, ಒಂದು ಬೈಗುಳವನ್ನು ನುಂಗಿರಲಾರನೇ ಎಂದು ನಾನು ಅವಳಿಗೆ ಸಮಾಧಾನ ಹೇಳಿದೆ.

ಈಗ ಉಳಿದದ್ದು ನನ್ನ ಅರ್ಧ ಮಂಡಲ. ಮಾತ್ರೆ ನುಂಗಿದರೆ ಮಗುವಿಲ್ಲ. ಬಿಟ್ಟರೆ ಹರಕೆ ಮುರಿಯುತ್ತದೆ. ಮುರಿದ ಹರಕೆ ಎಂದರೆ ಅತ್ತೆಗೆ ಸಿಡಿಲಿದ್ದ ಹಾಗೆ. ಕಳಲೆಯಿಂದ ಬಂದ ಸಂಜೆ ನಮ್ಮ ಮನೆಯವರು "ಬೈಪಾಸ್ ಏನಾದ್ರೂ ಇದ್ಯಾ ನೋಡ್ಬೇಕು" ಎಂದು ತಮ್ಮ ಪೈಪುಗಳ ಲೋಕಕ್ಕೆ ಹೋಗಿಬಿಟ್ಟರು. ಬೆಳಗ್ಗೆ ನಾನು ಎದ್ದು ಬಂದರೆ ಅತ್ತೆ ಆಗಲೇ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಹಾಲಿನ ಲೋಟ ಇತ್ತು; ಇನ್ನೊಂದು ಕೈ ಬರಿದಾಗಿತ್ತು.

"ಕುಡ್ಕಂಡು ಮನೀಕ, ನಿದ್ದೆ ಮಾಡು. ಮಿಕ್ಕಿದ್ ದಿನ ನಾ ಮುಳುಕ್ತೀನಿ. ನಂಗ್ ಮುಟ್ಟೂ ಇಲ್ಲ, ಮಾತ್ರೆನೂ ಬ್ಯಾಡ. ಈ ಬುದ್ದಿ ಆವತ್ತೇ ಯಾಕ್ ಬರ್ಲಿಲ್ಲ ನಂಗೆ?"

ಬ್ರಹ್ಮಚಾರಿ ಹಾಕಿದ ಲೆಕ್ಕಕ್ಕೆ ಉತ್ತರ ಅಷ್ಟು ಸುಲಭವಿತ್ತು. ನಲವತ್ತೆಂಟು ದಿನ ತಪ್ಪದೆ ಗುಡಿಗೆ ಹೋಗಬಲ್ಲ ಇನ್ನೊಬ್ಬಳು ನಮ್ಮ ಮನೆಯಲ್ಲೇ ಟವೆಲ್ ಹಿಡಿದು ನಿಂತಿದ್ದಳು.

ಆ ಮೊದಲ ದಿನ ಮಾತ್ರ ನಾನೂ ಹೋದೆ. ಈ ಸಲ ಮೇಲಿನ ಮೆಟ್ಟಿಲಲ್ಲಿ ಟವೆಲ್ ಹಿಡಿದವಳು ನಾನು. ಅತ್ತೆ ಒದ್ದೆ ಸೀರೆಯಲ್ಲಿ ದೀಪ ಹಿಡಿದು ನಿಂತಾಗ ಅರ್ಚಕರು ದಿನದ ಅಭ್ಯಾಸದಂತೆ "ಸಂಕಲ್ಪ ಏನಮ್ಮ?" ಎಂದರು.

"ಸಂತಾನ ಆಗ್ಬೇಕು ಸಾಮಿ."

ಅರ್ಚಕರ ಕೈಯಲ್ಲಿದ್ದ ಹೂವು ಅಲ್ಲೇ ನಿಂತಿತು. ಅರವತ್ತರ ಹತ್ತಿರದ, ಗಂಡ ತೀರಿಕೊಂಡ ಹೆಂಗಸು. ಅವರು ಅತ್ತೆಯನ್ನು ನೋಡಿದರು, ಸುತ್ತ ನೋಡಿದರು, ಕೆಮ್ಮಿದರು. "ಯಾರ... ಯಾರ ಹೆಸರಿಗೆ?"

"ನನ್ ಸೊಸೆಗೆ ಸಾಮಿ. ನಂಗಲ್ಲ, ಗಾಬ್ರಿ ಬೀಳ್ಬ್ಯಾಡಿ" ಎಂದರು ಅತ್ತೆ. ಕಂಬದ ಹಿಂದೆ ನಿಂತಿದ್ದ ನಾನು ಟವೆಲ್ಲನ್ನು ಬಾಯಿಗೆ ತುರುಕಿಕೊಂಡೆ. ಎಷ್ಟೋ ತಿಂಗಳ ಮೇಲೆ ನನಗೆ ನಗು ಬಂದದ್ದು ಅದೇ.

ಬೀದಿ ಬಿಡುತ್ತದೆಯೇ? "ಏನ್ ಮಾದೇವಮ್ಮೋರೆ, ಈ ವಯ್ಸಲ್ಲಿ ಮಗೀಗ್ ಅರಕೆ ಮಾಡ್ಕಂಡಿದ್ದೀರಂತೆ? ತೊಟ್ಲು ತರ್ಸನಾ?" ಎಂದು ಜಗಲಿ ಜಗಲಿಯಿಂದ ಕೂಗುತ್ತಿದ್ದರು. "ತರ್ಸು, ಗಟ್ಟಿಯಾದ್ ನೋಡಿ ತರ್ಸು. ಮೊದ್ಲು ನಿನ್ ಡಬ್ಬೀಲಿರಾ ಅಬ್ಬದ್ ಮಾತ್ರೆ ತಂದು ತೋರ್ಸು, ಆಮೇಕ್ ನಗೀವಂತೆ" ಎಂದು ಅತ್ತೆ ಅಲ್ಲೇ ನಿಂತು ಪಾಠ ಮಾಡುತ್ತಿದ್ದರು. ತ್ರಿಕೋನದಿಂದ ಹಿಡಿದು ಕಬ್ಬಿಣದವರೆಗೆ, ಕಿಟಕಿಯ ಕಡೆ ತಿರುಗದೆ, ದಾಸವಾಳದ ಹೂವಿನ ಸಹಾಯವಿಲ್ಲದೆ. ನಾನು ಸಂಬಳ ತೆಗೆದುಕೊಂಡು ಮಾಡದ ಪಾಠ ಅದು. ಜಗಲಿಗಳಲ್ಲಿ ನಗು ನಿಂತು, ಒಬ್ಬಿಬ್ಬರು ಮೆಲ್ಲಗೆ ಒಳಗೆ ಹೋಗಿ ತಮ್ಮ ತಮ್ಮ ಡಬ್ಬಿ ತೆರೆದು ನೋಡಿದ್ದು ನನಗೆ ಗೊತ್ತು. ಮುಂದಿನ ಜೂನಿನಲ್ಲಿ ನಾನೂ ಆ ಪಾಠವನ್ನು ಕಿಟಕಿ ಮುಚ್ಚಿಸಿ ಮಾಡಿದೆ. ಬಾಗಿಲ ಹೊರಗೆ ಹೆಡ್‌ಮೇಷ್ಟರು ನಿಂತು ಕೇಳಿಸಿಕೊಂಡು ಹೋದರು.

ಆ ವರ್ಷದ ಗೌರಿ ಹಬ್ಬದ ಹೊತ್ತಿಗೆ ನನಗೆ ತಿಂಗಳು ತಪ್ಪಿತು. ಹೇಳಿದಾಗ ಅತ್ತೆ ಕುಣಿಯಲಿಲ್ಲ. ಹೆದರಿ ನನ್ನ ಎರಡೂ ಭುಜ ಹಿಡಿದು, "ನಿಜ ಯೋಳು ಕೂಸೆ, ಯಾರ್ ಮನೇಲಾದ್ರೂ ಏನಾದ್ರೂ ನುಂಗಿದ್ದಾ?" ಎಂದರು. ಇಲ್ಲ ಎಂದು ಆಣೆ ಮಾಡಿದ ಮೇಲೆ ಕಂಬಕ್ಕೊರಗಿ ಕೂತು, ಬೆವರೊರೆಸಿಕೊಂಡು, ಆಮೇಲೆ ಅತ್ತರು. ಮಗಳು ಹುಟ್ಟಿದಳು. ಮಾತ್ರೆ ಬಿಟ್ಟದ್ದರಿಂದ ಎನ್ನುತ್ತೇನೆ ನಾನು. ಪೈಪಿಗೆ ನೀರು ತುಂಬಿದ್ದರಿಂದ ಎನ್ನುತ್ತಾರೆ ಇವರು. ಅತ್ತೆ ಏನೂ ಎನ್ನುವುದಿಲ್ಲ. ಮೊಮ್ಮಗಳ ತಲೆ ಬಾಚುತ್ತ ಗೋಪುರದ ಕಡೆ ಒಂದು ಸಲ ನೋಡುತ್ತಾರೆ, ಅಷ್ಟೆ. ಕರಿಬೇವಿನ ಗಿಡಕ್ಕೆ ಈಗ ಸಗಣಿ ಗೊಬ್ಬರ. ಸ್ವಲ್ಪ ಬಡವಾಗಿದೆ.

ಮೊನ್ನೆ ಹಿಂದಿನ ಬೀದಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಸಂಕೋಚದಿಂದ ಬಾಗಿಲಲ್ಲಿ ನಿಂತು, "ಅಜ್ಜಿ, ಹಬ್ಬದ ಮಾತ್ರೆ ಇದ್ಯಾ?" ಎಂದಳು. ಅತ್ತೆಗೆ ಈಗ ಎಪ್ಪತ್ತರ ಹತ್ತಿರ. ನಶ್ಯದ ಡಬ್ಬಿ ಇನ್ನೂ ಇದೆ, ಒಳಗೆ ಲವಂಗ. ಅದರಿಂದ ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡು, "ಯಾವ್ ಅಬ್ಬ?" ಎಂದರು.

"ಹಬ್ಬ ಅಲ್ಲ ಅಜ್ಜಿ, ಹರಕೆ. ಮಂಡಲ."

"ಯಾತಕ್ಕೆ ಅರಕೆ?"

ಹುಡುಗಿ ತಲೆ ತಗ್ಗಿಸಿದಳು. ಅತ್ತೆ ಮೊಣಕಾಲಿನ ಮೇಲೆ ಕೈಯೂರಿ ನಿಧಾನಕ್ಕೆ ಎದ್ದು, ಗೂಟದಲ್ಲಿದ್ದ ಟವೆಲ್ಲಿಗೆ ಕೈ ಹಾಕಿದರು.

"ಅಂಗಾರೆ ನೀ ಓಗಿ ಮನೀಕ ಕೂಸೆ. ನಾ ಓಯ್ತೀನಿ."

ಇದು ಅತ್ತೆಯ ಎಷ್ಟನೇ ಮಂಡಲವೋ, ನಾನು ಲೆಕ್ಕ ಬಿಟ್ಟಿದ್ದೇನೆ. ಅರ್ಚಕರಂತೂ ಈಗ ಸಂಕಲ್ಪ ಏನೆಂದು ಕೇಳುವುದೇ ಇಲ್ಲ. ಒಳಗಿರುವವನಿಗೂ ಗುರುತು ಸಿಕ್ಕಿರಬೇಕು: ವರ್ಷಕ್ಕೆರಡು ಸಲ ಒದ್ದೆ ಸೀರೆಯಲ್ಲಿ ಬಂದು ನಿಂತು, ಯಾರದೋ ಮನೆಯ ಸೊಸೆಗೆ ಮಗುವನ್ನು, ತನಗೇ ಬೇಕೆನ್ನುವಷ್ಟು ಧೈರ್ಯದಲ್ಲಿ ಕೇಳಿಕೊಳ್ಳುವ ಮುದುಕಿ.